ಆ ಮೇಷ್ಟ್ರ ಲೆಕ್ಕ ಎಲ್ಲಿ?

ನಮಸ್ಕಾರ.

ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಎಕನಾಮಿಕ್ಸ್ (ಎಂಜಿನಿಯರಿಂಗ್ ಕೆಲಸದಲ್ಲಿ ಖರ್ಚು, ಉಳಿತಾಯ ತೂಗಿ ಆರಿಸುವ ಲೆಕ್ಕ) ಕಲಿಸಿದ ಅಮೆರಿಕದ ಮೇಷ್ಟ್ರು ಯೂಜೀನ್ ಗ್ರಾಂಟ್ ಅವರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ. ಪಠ್ಯಪುಸ್ತಕ ಬರೆದವರನ್ನು ನೆನೆಯುವವರೇ ಕಡಿಮೆ. ಕಾಗುಣಿತದ ತಪ್ಪಿಲ್ಲ. ಆದರೆ ಈಗಿರುವ ಹಾಗೆ ಅಚ್ಚಿಗೆ ಕಳಿಸಲಾರೆ. ಓದಿ ಮುಗಿಸಿದಾಗ ನನಗೆ ನಿಜವಾಗಿಯೂ ಬೇಜಾರಾಯಿತು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಸಾಲು: "1897ರಲ್ಲಿ ಜನಿಸಿದ ಗ್ರಾಂಟ್ ಬಾಲ್ಯದಿಂದಲೇ ಅಪಾರ ಪ್ರತಿಭಾವಂತರು." ಇದನ್ನು ನಿಮಗೆ ಯಾರು ಹೇಳಿದರು? ಆಧಾರ ಇದ್ದರೆ ಒಂದು ಘಟನೆ ಕೊಡಿ, ಇಲ್ಲದಿದ್ದರೆ ತೆಗೆಯಿರಿ.

ಎರಡನೆಯ ಸಾಲು: "1917ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪದವಿ ಪಡೆದು, 1920ರಿಂದ ಮೊಂಟಾನಾ ಸ್ಟೇಟ್ ಕಾಲೇಜಿನಲ್ಲಿ ಸೇವೆ ಸಲ್ಲಿಸಿ, 1930ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದರು." ಹತ್ತು ವರ್ಷದ ಮೇಷ್ಟ್ರಗಿರಿ ಒಂದೇ ಉಸಿರಿಗೆ ಮುಗಿದುಹೋಯಿತು. ಮುಂದಿನ ಪುಟದಲ್ಲಿ ನೀವೇ ಬರೆದಿದ್ದೀರಿ, ಅವರ 'ಪ್ರಿನ್ಸಿಪಲ್ಸ್ ಆಫ್ ಎಂಜಿನಿಯರಿಂಗ್ ಎಕಾನಮಿ' ಪ್ರಕಟವಾದದ್ದು 1930ರಲ್ಲಿ ಅಂತ. ಎರಡು ಇಸವಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸ್ಟ್ಯಾನ್‌ಫರ್ಡ್‌ಗೆ ಬಂದ ವರ್ಷವೇ ಪುಸ್ತಕವೂ ಬಂದಿದೆ ಅಂದರೆ, ಅದು ಮೊಂಟಾನಾದ ಹುಡುಗರಿಗೆ ಪಾಠ ಹೇಳುತ್ತಾ ಹೇಳುತ್ತಾ ಬೆಳೆದಿರಬೇಕು, ಅಲ್ವಾ? ದೊಡ್ಡ ವಿಶ್ವವಿದ್ಯಾಲಯದ ಹೆಸರು ಬೆನ್ನಿಗಿಲ್ಲದ ಕಾಲ ಅದು. ನಿಮ್ಮ ಲೇಖನದ ಜೀವ ಇರುವುದೇ ಅಲ್ಲಿ. ನೀವು ಅದನ್ನು ದಾಟಿಕೊಂಡು ಹೋಗಿದ್ದೀರಿ.

ಮೂರನೆಯ ಪ್ಯಾರಾದಲ್ಲಿ "ಈ ಶಾಸ್ತ್ರವನ್ನು ಒಬ್ಬರೇ ಹುಟ್ಟುಹಾಕಿದ ಪಿತಾಮಹ" ಎಂದಿದ್ದೀರಿ. ಇದು ಸರಿಯಲ್ಲ. ರೈಲು ದಾರಿಯನ್ನು ಎಲ್ಲಿ ಹಾಯಿಸಬೇಕು, ಏರು ಕಡಿಮೆ ಮಾಡಲು ಈಗ ಜಾಸ್ತಿ ದುಡ್ಡು ಸುರಿದರೆ ಮುಂದೆ ರೈಲು ಓಡಿಸುವ ಖರ್ಚಿನಲ್ಲಿ ಎಷ್ಟು ಉಳಿಯುತ್ತದೆ ಎಂದು ರೈಲ್ವೆ ಎಂಜಿನಿಯರ್ ಆರ್ಥರ್ ವೆಲಿಂಗ್ಟನ್ 1877ರಲ್ಲೇ ಪುಸ್ತಕ ಬರೆದಿದ್ದರು. ಸ್ಟ್ಯಾನ್‌ಫರ್ಡ್‌ನಲ್ಲೇ ಇದ್ದ ಜೆ. ಸಿ. ಎಲ್. ಫಿಶ್ ಅವರ ಇದೇ ಶಾಸ್ತ್ರದ ಪುಸ್ತಕ 1915ರಲ್ಲಿ ಬಂದಿತ್ತು. ಅವರಿಬ್ಬರನ್ನೂ ಹೇಳಿದರೆ ಗ್ರಾಂಟ್ ಸಣ್ಣವರಾಗುವುದಿಲ್ಲ. ರೈಲಿನವರ ಕೈಯಲ್ಲಿದ್ದ ಲೆಕ್ಕವನ್ನು ಯಾವ ಎಂಜಿನಿಯರಿಂಗ್ ಹುಡುಗ ಬೇಕಾದರೂ ಕೂತು ಮಾಡುವ ಹಾಗೆ ಅವರು ಮಾಡಿದ್ದು ಇನ್ನಷ್ಟು ಚೆನ್ನಾಗಿ ಕಾಣುತ್ತದೆ.

ನನ್ನನ್ನು ತುಂಬಾ ಕೆರಳಿಸಿದ್ದು ಈ ಸಾಲು: "ಹಣದ ಕಾಲಮೌಲ್ಯವನ್ನು ಅತ್ಯಂತ ಸರಳವಾಗಿ ವಿವರಿಸಿದರು." ಹೇಗೆ ವಿವರಿಸಿದರು? ಓದುಗರಿಗೆ ಒಂದೇ ಒಂದು ಲೆಕ್ಕ ಮಾಡಿ ತೋರಿಸಿ. ಒಬ್ಬ ರೈತರು ಡೀಸೆಲ್ ಪಂಪ್ ಕೊಳ್ಳಬೇಕು ಅನ್ನಿ. ಒಂದರ ಬೆಲೆ 1,00,000 ರೂಪಾಯಿ, ವರ್ಷಕ್ಕೆ ಡೀಸೆಲ್ 40,000. ಇನ್ನೊಂದು 1,60,000, ಡೀಸೆಲ್ 25,000. ಎರಡೂ 5 ವರ್ಷ ಬಾಳುತ್ತವೆ. ಸುಮ್ನೆ ಕೂಡಿದರೆ 60,000 ಹೆಚ್ಚು ಕೊಟ್ಟು 75,000 ಉಳಿಸಬಹುದು, ದುಬಾರಿ ಪಂಪೇ ಲಾಭ. ಆದರೆ 60,000 ಹೋಗುವುದು ಇವತ್ತೇ, ಉಳಿತಾಯ ಬರುವುದು ವರ್ಷಕ್ಕೆ 15,000ದಂತೆ. ಬಡ್ಡಿ ನೂರಕ್ಕೆ 10 ಆದರೆ, ಮೊದಲ ವರ್ಷದ ಕೊನೆಗೆ ಬರುವ 15,000ಕ್ಕೆ ಇವತ್ತಿನ ಬೆಲೆ ಸುಮಾರು 13,636. ಇವತ್ತು ಇಷ್ಟನ್ನು ಬಡ್ಡಿಗೆ ಇಟ್ಟರೆ ವರ್ಷದ ಕೊನೆಗೆ 15,000 ಆಗುತ್ತದೆ. ಐದನೇ ವರ್ಷದ್ದಕ್ಕೆ 9,314 ಅಷ್ಟೇ. ಐದನ್ನೂ ಕೂಡಿದರೆ ಸುಮಾರು 56,860. ಅಂದರೆ 60,000 ಹೆಚ್ಚು ಕೊಡುವುದು ನಷ್ಟ! ಬಡ್ಡಿ 7ಕ್ಕೆ ಇಳಿದರೆ ಅದೇ ಉಳಿತಾಯ ಸುಮಾರು 61,500 ಆಗಿ ತೀರ್ಮಾನ ತಿರುಗಿಬೀಳುತ್ತದೆ. ಪಂಪ್ ಬದಲಾಗಿಲ್ಲ, ಡೀಸೆಲ್ ಬದಲಾಗಿಲ್ಲ, ಸಾಲದ ಬಡ್ಡಿ ಮಾತ್ರ ಬದಲಾಗಿದೆ. ಗ್ರಾಂಟ್ ಪುಸ್ತಕದ ಕೊನೆಗೆ ಬಡ್ಡಿಯ ಕೋಷ್ಟಕಗಳು ಯಾಕಿವೆ ಎಂದು ಓದುಗರಿಗೆ ಆಗ ತಾನಾಗಿಯೇ ಗೊತ್ತಾಗುತ್ತದೆ.

ನಾನು ಕೆಲಸ ಕಲಿತದ್ದು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ. ನಿವೃತ್ತಿ, ಸನ್ಮಾನ, ನಿಧನದ ಸುದ್ದಿಗಳು ನನ್ನ ಪಾಲಿಗೆ. ಅಲ್ಲಿದ್ದ ಹಿರಿಯ ಉಪಸಂಪಾದಕರು ಒಂದು ಕಟ್ಟಲೆ ಹಾಕಿದ್ದರು: "ಹುದ್ದೆಯ ಹೆಸರು ಒಂದೂ ಬರದ ಹಾಗೆ ಮೊದಲು ನಾಲ್ಕು ಸಾಲು ಬರಿ. ಆಮೇಲೆ ಹುದ್ದೆ ಸೇರಿಸು." ನೀರು ಸರಬರಾಜಿನ ಎಂಜಿನಿಯರ್ ಒಬ್ಬರು ನಿವೃತ್ತರಾದಾಗ ಆ ನಾಲ್ಕು ಸಾಲಿಗಾಗಿ ಅವರ ಮನೆಗೇ ಹೋದೆ. ಅವರು ಪೈಪಿನ ಅಳತೆ ಆರಿಸುವ ಕಥೆ ಹೇಳಿದರು. ಸಣ್ಣ ಪೈಪ್ ಅಗ್ಗ, ಆದರೆ ನೀರು ತಳ್ಳುವುದಕ್ಕೆ ಕರೆಂಟ್ ಜಾಸ್ತಿ. ದೊಡ್ಡದು ದುಬಾರಿ, ಕರೆಂಟ್ ಕಡಿಮೆ. ಊರು ಎಷ್ಟು ಬೆಳೆಯುತ್ತದೆ, ಸಾಲದ ಬಡ್ಡಿ ಎಷ್ಟು, ಎಲ್ಲ ನೋಡಿ ನಡುವಿನದೊಂದು ಆರಿಸಬೇಕು. ಅವರು ಹಳೇ ಕಾಗದದ ಹಿಂದೆ ಪೆನ್ಸಿಲಿನಲ್ಲಿ ಗೀಚುತ್ತಾ ಹೋದರು. ನಲ್ಲಿಯಲ್ಲಿ ಬರುವ ನೀರಿನ ಹಿಂದೆ ಇಷ್ಟು ಯೋಚನೆ ಇರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ. ಮರುದಿನದ ಸುದ್ದಿಯಲ್ಲಿ ಅವರ ಹುದ್ದೆ ಕೊನೆಯ ಸಾಲಿನಲ್ಲಿ ಬಂತು.

ನಿಮ್ಮ ಲೇಖನದಲ್ಲಿ ಹುದ್ದೆಗಳೇ ತುಂಬಿಕೊಂಡಿವೆ. "ಸೇವೆ ಸಲ್ಲಿಸಿದರು" ಎಂಬುದು ಪುಟಪುಟಕ್ಕೂ ಬರುತ್ತದೆ. 1942ರಲ್ಲಿ, ಯುದ್ಧ ನಡೆಯುತ್ತಿದ್ದಾಗ, ಕಾರ್ಖಾನೆಯವರನ್ನು ಸ್ಟ್ಯಾನ್‌ಫರ್ಡ್‌ಗೆ ಕರೆಸಿ ಗುಣಮಟ್ಟ ನಿಯಂತ್ರಣದ ಪಾಠ ಮಾಡಿದ್ದನ್ನೂ "ಅಲ್ಲಿಯೂ ಸೇವೆ ಸಲ್ಲಿಸಿದರು" ಎಂದು ಮುಗಿಸಿದ್ದೀರಿ. ತಯಾರಾದ ಪ್ರತಿಯೊಂದು ವಸ್ತುವನ್ನೂ ಪರೀಕ್ಷಿಸುತ್ತಾ ಕೂರದೆ, ಕೆಲವನ್ನು ಎತ್ತಿ ಅಳೆದು ಇಡೀ ರಾಶಿಯ ಬಗ್ಗೆ ತೀರ್ಮಾನಿಸುವುದನ್ನು ಅಲ್ಲಿ ಕಲಿಸಿದರು. 1946ರಲ್ಲಿ ಅವರ ಇನ್ನೊಂದು ಪಠ್ಯ, 'ಸ್ಟ್ಯಾಟಿಸ್ಟಿಕಲ್ ಕ್ವಾಲಿಟಿ ಕಂಟ್ರೋಲ್', ಬಂತು. ಮತ್ತೆ ಅದೇ ರೀತಿ: ಮೊದಲು ಪಾಠ, ಆಮೇಲೆ ಪುಸ್ತಕ. ಈ ಎಳೆ ಹಿಡಿದು ಬರೆದರೆ ಲೇಖನ ತಾನೇ ನಿಲ್ಲುತ್ತದೆ.

ಉಳಿದ ಭಾಗಗಳ ಬಗ್ಗೆ ಈಗ ಮಾತಾಡುವುದಿಲ್ಲ. ಮೊಂಟಾನಾ, 1942, ಮತ್ತು ಒಂದು ಲೆಕ್ಕ: ಇಷ್ಟನ್ನು ಮೊದಲು ಬರೆದು ಕಳಿಸಿ. ನನ್ನ ಪಂಪನ್ನು ಎತ್ತಿಕೊಳ್ಳಬೇಡಿ, ನಿಮ್ಮ ಊರಿನದೇ ಒಂದು ಹುಡುಕಿ. ಹಿಟ್ಟಿನ ಗಿರಣಿಯಾದರೂ ಆಗಬಹುದು, ಬೆಲೆ ಮಾತ್ರ ಮಾಲೀಕರನ್ನೇ ಕೇಳಿ ಬರೆಯಿರಿ.