ಜಪಕ್ಕೆ ಕುಳಿತರೆ ಹುಳುಮನೆಯದೇ ಯೋಚನೆ

ಈ ವಾರದ ಪತ್ರಗಳಲ್ಲಿ ಹೆಚ್ಚಿನವು ಮನಶ್ಶಾಂತಿಯನ್ನು ಕುರಿತವು. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಸಿಗುವಂಥ ವಿವರಗಳನ್ನು ತೆಗೆದು, ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ನನಗೆ 41 ವರ್ಷ. ರೇಷ್ಮೆ ಬೆಳೆ, ಎರಡು ಹಸು, ವಯಸ್ಸಾದ ಅತ್ತೆ, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಅರ್ಧ ಗಂಟೆ ಜಪ, ಧ್ಯಾನ ಮಾಡಬೇಕೆಂದು ಹಟ ಹಿಡಿದಿದ್ದೇನೆ. ಕಣ್ಣು ಮುಚ್ಚಿದ ಕೂಡಲೇ ಹುಳುಮನೆ ಎದುರಿಗೆ ಬಂದು ನಿಲ್ಲುತ್ತದೆ. ಸೊಪ್ಪು ಸಾಲುತ್ತದೋ ಇಲ್ಲವೋ, ಹುಳು ಜ್ವರದಿಂದ (ಪೊರೆ ಬಿಡಲು ಸೊಪ್ಪು ತಿನ್ನದೆ ಕೂರುವುದಕ್ಕೆ ನಾವು ಜ್ವರ ಎನ್ನುತ್ತೇವೆ) ಎದ್ದಿವೆಯೋ ಇಲ್ಲವೋ ಎಂಬುದೇ ಯೋಚನೆ. ಮೊಬೈಲಿನಲ್ಲಿ ಗುರುಗಳೊಬ್ಬರು ಯೋಚನೆಯೇ ಇಲ್ಲದ ಸ್ಥಿತಿಗೆ ಹೋಗಬೇಕು ಎನ್ನುತ್ತಾರೆ. ನನಗೆ ಒಂದು ನಿಮಿಷವೂ ಹಾಗಾಗಿಲ್ಲ. ಅದರ ಮೇಲೆ ನಮ್ಮ ನಾದಿನಿ, ‘ಹುಳು ಸಾಯಿಸಿ ಬದುಕುವವರಿಗೆ ಧ್ಯಾನ ಎಲ್ಲಿಂದ ಒಲಿಯಬೇಕು’ ಎಂದುಬಿಟ್ಟಳು. ಆ ಮಾತು ಮನಸ್ಸಿನಲ್ಲೇ ಕೂತುಬಿಟ್ಟಿದೆ. ನಾನು ಅಧ್ಯಾತ್ಮಕ್ಕೆ ಲಾಯಕ್ಕಿಲ್ಲದವಳೇ?

ಉತ್ತರ: ನಿಮ್ಮ ನಾದಿನಿಯ ಬೀರುವಿನಲ್ಲಿ ಎಷ್ಟು ರೇಷ್ಮೆ ಸೀರೆಗಳಿವೆ ಎಂದು ಕೇಳುವ ಆಸೆ ನನಗೂ ಆಯಿತು. ಆ ಜಗಳ ಸದ್ಯಕ್ಕೆ ಬೇಡ. ಅವಳ ಮಾತಿಗೆ ಆಮೇಲೆ ಬರೋಣ.

ಯೋಚನೆಯೇ ಇಲ್ಲದ ಸ್ಥಿತಿ ಬರಬೇಕು ಎಂಬುದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಭಗವದ್ಗೀತೆಯ ಆರನೆಯ ಅಧ್ಯಾಯ ಧ್ಯಾನದ ಬಗ್ಗೆಯೇ ಇದೆ. ಮನಸ್ಸು ಎಲ್ಲೆಲ್ಲಿಗೆ ಹೊರಟುಹೋಗುತ್ತದೆಯೋ ಅಲ್ಲಲ್ಲಿಂದ ಹಿಡಿದು ತಂದು ಮತ್ತೆ ನೆಲೆಗೆ ನಿಲ್ಲಿಸಬೇಕು ಎಂದು ಅಲ್ಲಿದೆ. ಅಂದರೆ ಹೋಗಿಯೇ ಹೋಗುತ್ತದೆ ಎಂಬುದು ಹೇಳಿದವರಿಗೆ ಗೊತ್ತಿತ್ತು. ಇತ್ತೀಚಿನ ನರವಿಜ್ಞಾನವೂ ಇದಕ್ಕೆ ವಿರೋಧವಾಗಿಲ್ಲ. ಕೈಯಲ್ಲಿ ಕೆಲಸವಿಲ್ಲದೆ ಸುಮ್ಮನೆ ಕುಳಿತಾಗ ಮಿದುಳಿನ ಕೆಲವು ಭಾಗಗಳು ಇನ್ನಷ್ಟು ಚುರುಕಾಗುತ್ತವೆ ಎಂದು ಅಮೆರಿಕದ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ವಿವರಿಸಿದರು. ನಿನ್ನೆಯ ಮಾತನ್ನು ಕೆದಕುವುದು, ನಾಳೆಯ ಲೆಕ್ಕ ಹಾಕುವುದು ಆ ಭಾಗಗಳ ಸ್ವಭಾವ. ಹಾಗಾಗಿ ಕಣ್ಣು ಮುಚ್ಚಿದೊಡನೆ ಹುಳುಮನೆ ಕಂಡರೆ ನಿಮ್ಮ ಮಿದುಳು ನೆಟ್ಟಗಿದೆ ಎಂದೇ ಅರ್ಥ. ಮನಸ್ಸು ಅತ್ತ ಹೋಯಿತು ಎಂದು ನಿಮಗೆ ಗೊತ್ತಾಗುವ ಒಂದು ಕ್ಷಣ ಇದೆಯಲ್ಲ, ಅಲ್ಲಿಂದ ಜಪದ ನಾಮಕ್ಕೆ ಹಿಂತಿರುಗುವುದೇ ಅಭ್ಯಾಸ. ಅರ್ಧ ಗಂಟೆಯಲ್ಲಿ ನಲವತ್ತು ಸಲ ಹೋದರೆ ನಲವತ್ತು ಸಲ ಅಭ್ಯಾಸವಾಯಿತು. ಬೈದುಕೊಳ್ಳುತ್ತಾ ವಾಪಸು ಬರಬೇಡಿ, ಅಷ್ಟೇ.

ಇನ್ನು ನಾಲ್ಕೂವರೆಯ ಮಾತು. ನೀವು ಮಲಗುವುದು ಎಷ್ಟು ಹೊತ್ತಿಗೆ ಎಂದು ಬರೆದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನಗಳಲ್ಲಿ ಹುಳು ತನ್ನ ಇಡೀ ಬದುಕಿನ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ತಿಂದು ಮುಗಿಸುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ದಿನಗಳಲ್ಲಿ ರಾತ್ರಿಯ ಸೊಪ್ಪು ಹಾಕಿ ಮಲಗುವಾಗ ಹನ್ನೊಂದಾಗುತ್ತದೆ. ಮತ್ತೆ ನಾಲ್ಕೂವರೆಗೆ ಏಳುವುದು ತಪಸ್ಸಲ್ಲ, ದೇಹದಂಡನೆ. ಆ ವಾರ ಜಪವನ್ನು ಐದು ನಿಮಿಷಕ್ಕೆ ಇಳಿಸಿ, ಅಥವಾ ಬಿಟ್ಟುಬಿಡಿ. ದೇವರು ಹಾಜರಿ ಪುಸ್ತಕ ಇಟ್ಟುಕೊಂಡಿಲ್ಲ.

ಅದರ ಬದಲು ನಿಮ್ಮ ಕಸುಬೇ ಕೊಡುವ ಬಿಡುವನ್ನು ಬಳಸಿಕೊಳ್ಳಿ. ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತಂದರೂ ಇನ್ನೆರಡು ಜ್ವರ ನಿಮ್ಮ ಹುಳುಮನೆಯಲ್ಲೇ ಆಗಬೇಕು. ಮೂರನೆಯದು ಸುಮಾರು ಒಂದು ದಿನ, ನಾಲ್ಕನೆಯದು ಇನ್ನೂ ಕೊಂಚ ಹೆಚ್ಚು. ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ. ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಹುಳುವಿನ ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸಿ ಹೊರಗೆ ಬರಬೇಕು. ಮೊದಲು ಎದ್ದ ನಾಲ್ಕಾರಕ್ಕೆ ಮರುಗಿ ಸೊಪ್ಪು ಹಾಕಿದರೆ ಇಡೀ ಬೆಳೆ ಏರುಪೇರಾಗುತ್ತದೆ. ಕಾಯಬೇಕಾದಾಗ ಕೈಕಟ್ಟಿ ಕಾಯುವುದನ್ನು ಇಷ್ಟು ಚೆನ್ನಾಗಿ ಕಲಿತವರು ನನ್ನ ಬಳಿಗೆ ಬರುವ ನಗರದವರಲ್ಲಿ ಕಡಿಮೆ. ಆ ಎರಡು ದಿನಗಳ ಮಧ್ಯಾಹ್ನ ಅರ್ಧ ಗಂಟೆ ಕುಳಿತುಕೊಳ್ಳಿ. ಹುಳುಮನೆಯ ಯೋಚನೆ ಬಂದರೂ, ಅಲ್ಲಿ ಈಗ ಮಾಡುವುದೇನೂ ಇಲ್ಲ ಎಂದು ಮನಸ್ಸಿಗೆ ಉತ್ತರ ಕೊಡಬಹುದು.

ಉಳಿದ ದಿನಗಳಲ್ಲಿ ಒಂದೇ ಒಂದು ಹೊತ್ತಿನ ಸೊಪ್ಪನ್ನು ಮೊಬೈಲ್ ಹೊರಗಿಟ್ಟು ಹಾಕಿ. ಕಡ್ಡಿಯ ಬುಡ ಒಮ್ಮೆ ಈ ಕಡೆ, ಇನ್ನೊಮ್ಮೆ ಆ ಕಡೆ ಬರುವಂತೆ ಹರಡುವುದು, ಹುಳು ಮೇಲೆ ಹತ್ತಿ ಬರುವುದು, ಸ್ವಲ್ಪ ಹೊತ್ತಿಗೆ ಸರಸರ ಸದ್ದು ಶುರುವಾಗುವುದು, ಇಷ್ಟರಲ್ಲೇ ಇರಿ. ಎಲ್ಲ ಕೆಲಸವನ್ನೂ ಧ್ಯಾನ ಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಕೊಟ್ಟಿಗೆಯ ಸಗಣಿ ಬಾಚಿದವರಲ್ಲ. ದಿನಕ್ಕೆ ಒಂದು ಕೆಲಸ ಸಾಕು.

ಈಗ ನಾದಿನಿಯ ಮಾತು. ಮಹಾಭಾರತದ ಅರಣ್ಯಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ಕಥೆ ಬರುತ್ತದೆ. ಮೈಮೇಲೆ ಹಿಕ್ಕೆ ಹಾಕಿದ ಕೊಕ್ಕರೆಯನ್ನು ಕಣ್ಣಿನಿಂದಲೇ ಸುಟ್ಟವನು. ಅವನು ಭಿಕ್ಷೆಗೆ ಬಂದಾಗ ಮನೆಯಾಕೆ ಗಂಡನಿಗೆ ಬಡಿಸುತ್ತಿದ್ದಳು, ಇವನನ್ನು ಕಾಯಿಸಿದಳು. ಅವನು ಕಣ್ಣು ಕೆಂಪಗೆ ಮಾಡಿದರೆ, ನಾನು ಕೊಕ್ಕರೆಯಲ್ಲ ಎಂದುಬಿಟ್ಟಳು. ಧರ್ಮ ಏನೆಂದು ತಿಳಿಯಬೇಕಿದ್ದರೆ ಮಿಥಿಲೆಗೆ ಹೋಗು ಎಂದು ಅವಳು ಅವನನ್ನು ಕಳಿಸಿದ್ದು ಮಾಂಸದ ಅಂಗಡಿಯವನ ಬಳಿಗೆ. ಧರ್ಮವ್ಯಾಧ ತನ್ನ ವೃತ್ತಿ ಕ್ರೂರವಾದದ್ದೇ ಎಂದು ಒಪ್ಪಿಕೊಳ್ಳುತ್ತಾನೆ. ಜೊತೆಗೆ, ನೇಗಿಲು ಹೂಡಿದರೂ ನೆಲದೊಳಗಿನ ಎಷ್ಟೋ ಜೀವ ಸಾಯುತ್ತದೆ ಎಂದು ನೆನಪಿಸುತ್ತಾನೆ. ನನಗೆ ಅವನಲ್ಲಿ ಇಷ್ಟವಾಗುವುದು ಇದೇ. ಪಾಪವೇ ಇಲ್ಲ ಎಂದು ಕೈ ತೊಳೆದುಕೊಳ್ಳುವುದಿಲ್ಲ, ನಾನು ಪಾಪಿ ಎಂದು ಎದೆ ಬಡಿದುಕೊಳ್ಳುವುದೂ ಇಲ್ಲ. ಗೂಡು ಮಾರುವಾಗ ನಿಮ್ಮ ಮನಸ್ಸಿಗೆ ಒಂದಿಷ್ಟು ಚುಚ್ಚಿದರೆ ಚುಚ್ಚಲಿ. ಆ ಚುಚ್ಚು ಇರುವವರಿಗೆ ಅಧ್ಯಾತ್ಮ ದೂರವಿಲ್ಲ.

ಕೊನೆಯದಾಗಿ ಒಂದು ಮಾತು. ನಿಮ್ಮ ಪತ್ರದಲ್ಲಿ ಹಸುವಿದೆ, ಅತ್ತೆ ಇದ್ದಾರೆ, ಮಕ್ಕಳಿದ್ದಾರೆ. ಯಜಮಾನರ ಸುದ್ದಿಯೇ ಇಲ್ಲ. ಮನೆಯಲ್ಲಿ ಇದ್ದರೆ ಬೆಳಗಿನ ಹಾಲನ್ನು ಡೇರಿಗೆ ಅವರೇ ಒಯ್ಯಲಿ. ಇಲ್ಲವಾದರೆ ಹೈಸ್ಕೂಲಿನ ಮಕ್ಕಳಿಗೆ ಆ ಶಕ್ತಿ ಇದೆ. ಕಾಯಕ ಎಂಬ ಮಾತನ್ನು ಹೆಣ್ಣುಮಕ್ಕಳ ಮೇಲೆ ಇನ್ನಷ್ಟು ದುಡಿಮೆ ಹೇರಲು ಬಳಸುವುದನ್ನು ನೋಡಿ ನೋಡಿ ನನಗೆ ಬೇಸರವಾಗಿದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ಗಂಡ ಆಯ್ದು ತಂದ ಅಕ್ಕಿ ಹೆಚ್ಚಾಯಿತು ಎಂದು ಕಂಡು, ವಾಪಸು ಸುರಿದು ಬನ್ನಿ ಎಂದವಳು. ಸಾಕು ಎನ್ನುವುದು ಕಾಯಕದ ಒಳಗೇ ಇದೆ.

ಪ್ರಶ್ನೆ: ಗೌರಿಬಿದನೂರಿನ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 29. ಸಂಜೆ ದೇವರ ಮುಂದೆ ಕೂತು ಜಪಮಣಿ ಹಿಡಿದರೆ ನಿದ್ದೆ ಬರುತ್ತದೆ. ಇದಕ್ಕೆ ಪರಿಹಾರವೇನು?

ಉತ್ತರ: ಮಲಗಿ. ತೀರಾ ಕಡಿಮೆ ನಿದ್ದೆ ಮಾಡುವವನಿಗೂ ತೀರಾ ಹೆಚ್ಚು ನಿದ್ದೆ ಮಾಡುವವನಿಗೂ ಯೋಗ ದಕ್ಕದು ಎಂದು ಮೇಲೆ ಹೇಳಿದ ಅದೇ ಅಧ್ಯಾಯದಲ್ಲಿದೆ. ಏಳೆಂಟು ಗಂಟೆ ಮಲಗಿಯೂ ಹಗಲೆಲ್ಲ ತೂಕಡಿಕೆ, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ಅದನ್ನು ಸೋಮಾರಿತನ ಎಂದೋ ಭಕ್ತಿ ಸಾಲದು ಎಂದೋ ತಿಳಿದು ಸುಮ್ಮನಾಗಬೇಡಿ.

ಪ್ರಶ್ನೆ: ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ಉದ್ಯೋಗಿ ನಾನು. ವಾರಕ್ಕೊಮ್ಮೆ ಕುಟುಂಬ ಸಮೇತ ಕಾರಿನಲ್ಲಿ ದೇವರ ದರ್ಶನಕ್ಕೆ ಹೊರಡುತ್ತೇನೆ. ದೇವರಾಯನದುರ್ಗ, ಗೊರವನಹಳ್ಳಿ, ಸಿದ್ಧರಬೆಟ್ಟ, ಎಡೆಯೂರು ಎಲ್ಲ ಆಗಿವೆ. ಅಲ್ಲಿ ಮನಸ್ಸು ಬಹಳ ಶಾಂತವಾಗಿರುತ್ತದೆ. ಸೋಮವಾರ ಸಂಜೆ ಮನೆಗೆ ಬರುವಷ್ಟರಲ್ಲಿ ಮತ್ತೆ ಸಿಡಿಮಿಡಿ. ಹೆಂಡತಿ, ‘ದೇವಸ್ಥಾನದಲ್ಲಿ ನೀವು ಎಷ್ಟು ಒಳ್ಳೆಯವರು, ಅಲ್ಲೇ ಇದ್ದುಬಿಡಿ’ ಎನ್ನುತ್ತಾಳೆ. ಶಾಂತಿ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಮನೆಯವರು ಬಹಳ ಜಾಣರು. ಬೆಟ್ಟದ ಮೇಲೆ ನಿಮಗೆ ಸಿಕ್ಕ ನೆಮ್ಮದಿ ನಿಜವಾದದ್ದೇ. ಆದರೆ ಅಲ್ಲಿ ನಿಮ್ಮನ್ನು ಯಾರೂ ಕೆಣಕಿರಲಿಲ್ಲ. ಮೇಲಧಿಕಾರಿ ಇಲ್ಲ, ಕ್ರಾಸಿಂಗ್‌ಗೆಂದು ನಿಂತ ರೈಲಿಲ್ಲ, ಸಾಲಿನಲ್ಲಿ ನಿಂತು ಕೈಮುಗಿಯುವುದೊಂದೇ ಕೆಲಸ. ಶನಿವಾರ ಬೆಳಗ್ಗೆ ಐದಕ್ಕೆ ಎದ್ದು ಪುಳಿಯೋಗರೆ ಕಲಸಿ ಡಬ್ಬಿ ತುಂಬಿದವರು ಯಾರು ಎಂದು ಕೇಳಿದರೆ, ಆ ಶಾಂತಿಯ ಖರ್ಚು ಯಾರ ಲೆಕ್ಕಕ್ಕೆ ಬಿತ್ತು ಎಂಬುದೂ ಗೊತ್ತಾಗುತ್ತದೆ.

ಮೊದಲು ಸುತ್ತಾಟ ಕಡಿಮೆ ಮಾಡಿ. ಒಂದು ದಿನಕ್ಕೆ ಮೂರು ಕ್ಷೇತ್ರ ಮುಗಿಸುವ ಬದಲು ತಿಂಗಳಿಗೊಂದು ಜಾಗ ಸಾಕು. ದೇವರಾಯನದುರ್ಗವೇ ಆಗಲಿ, ಕೆಳಗಿನ ಭೋಗನರಸಿಂಹನನ್ನು ನೋಡಿ, ಮೇಲಿನ ಯೋಗನರಸಿಂಹನವರೆಗೆ ಮೆಟ್ಟಿಲು ಹತ್ತಿ. ಬುಡದಲ್ಲಿ ನಾಮದ ಚಿಲುಮೆ ಇದೆ. ರಾಮ ಹಣೆಗೆ ನಾಮ ಇಡಲು ನೀರಿಲ್ಲದೆ ಬಾಣ ಹೊಡೆದು ಬಂಡೆಯಿಂದ ನೀರು ತಂದ ಎಂದು ಐತಿಹ್ಯ. ಆ ನೀರನ್ನು ಫೋಟೋ ತೆಗೆಯದೆ ಹತ್ತು ನಿಮಿಷ ನೋಡಿ. ಉಳಿದ ಮೂರು ವಾರಾಂತ್ಯ ಮನೆಯಲ್ಲಿದ್ದು ಅಡುಗೆಮನೆಗೆ ಇಳಿಯಿರಿ. ಸಿದ್ಧಗಂಗೆ ನಿಮ್ಮ ಊರಿನಲ್ಲೇ ಇದೆ. 111 ವರ್ಷ ಬಾಳಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದ ದಾಸೋಹವನ್ನು ಕಂಡವರು ನೀವು. ಸಾವಿರಾರು ಮಕ್ಕಳಿಗೆ ಹೊತ್ತುಹೊತ್ತಿಗೆ ಅನ್ನ ಬೇಯುವ ಮಠದ ಪಕ್ಕದಲ್ಲಿದ್ದುಕೊಂಡು, ಮನೆಯ ನಾಲ್ಕು ಜನರಿಗೆ ಬಡಿಸುವುದನ್ನು ಅಧ್ಯಾತ್ಮದಿಂದ ಹೊರಗಿಟ್ಟರೆ ಹೇಗೆ?

ಸೋಮವಾರದ ಸಿಡಿಮಿಡಿಗೆ ಒಂದು ಉಪಾಯವಿದೆ. ರೈಲು ತುಮಕೂರು ತಲುಪುವ ಮೊದಲು ಐದು ನಿಮಿಷ ಮೊಬೈಲ್ ಜೇಬಿಗೆ ಹಾಕಿ, ಉಸಿರು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಉಸಿರು ಹೊರಹೋಗುವಾಗ ಹೃದಯದ ಬಡಿತ ಕೊಂಚ ಇಳಿಯುತ್ತದೆ, ಒಳಬರುವಾಗ ಏರುತ್ತದೆ. ಅದು ದೇಹದ ಏರ್ಪಾಡು, ಅದಕ್ಕೆ ನಂಬಿಕೆಯೂ ಬೇಕಿಲ್ಲ. ನಿಲ್ದಾಣದಿಂದ ಮನೆ ಎರಡು ಕಿಲೋಮೀಟರಿನ ಒಳಗಿದ್ದರೆ ಆಟೋ ಬಿಟ್ಟು ನಡೆಯಿರಿ. ಕಚೇರಿಯ ಸಿಟ್ಟು ಮನೆಯ ಬಾಗಿಲಿಗೆ ಬರುವ ಮುನ್ನ ಅರ್ಧ ದಾರಿಯಲ್ಲೇ ಉದುರಲಿ. ಅಷ್ಟಾದರೂ ಸಿಡುಕಿದಿರೋ, ದೇವರ ಹತ್ತಿರ ಕ್ಷಮೆ ಕೇಳುವ ಮೊದಲು ಹೆಂಡತಿಯ ಹತ್ತಿರ ಕೇಳಿ.

ಪ್ರಶ್ನೆ: ನಾವು ಮುಳಬಾಗಿಲು ತಾಲ್ಲೂಕಿನವರು. ನಮ್ಮ ಅಣ್ಣ ಟೊಮೆಟೊ ಬೆಳೆಯುತ್ತಾನೆ. ಎರಡು ಬೆಳೆ ಕೈಕೊಟ್ಟಿತು, ಕೋಲಾರದ ಮಾರುಕಟ್ಟೆಗೆ ಹಾಕಿದ್ದರ ಬಾಡಿಗೆಯೂ ಹುಟ್ಟಲಿಲ್ಲ. ಎರಡು ತಿಂಗಳಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಜಗಲಿಯಲ್ಲಿ ಕೂತಿರುತ್ತಾನೆ. ಮಾತು ಕಡಿಮೆಯಾಗಿದೆ, ‘ನಾನು ಇದ್ದು ಏನು ಪ್ರಯೋಜನ’ ಎನ್ನುತ್ತಾನೆ. ಊರಿನ ಹಿರಿಯರು ಶನಿಕಾಟ, ಪಾವಗಡಕ್ಕೆ ಕರೆದುಕೊಂಡು ಹೋಗಿ ಎಂದರು. ಧ್ಯಾನ ಕಲಿಸಿದರೆ ಸರಿಹೋಗುತ್ತಾನೆಯೇ?

ಉತ್ತರ: ಧ್ಯಾನ ಈಗ ಬೇಡ. ಈ ಪತ್ರಕ್ಕೆ ಅಂಚೆಯಲ್ಲೂ ಉತ್ತರ ಕಳಿಸಿದ್ದೇನೆ. ಇದೇ ಸ್ಥಿತಿಯಲ್ಲಿರುವ ಇತರ ಮನೆಗಳಿಗೆಂದು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಊಟ ಸೇರದಿರುವುದು, ಜಾವಕ್ಕೆ ಮೊದಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು ಖಿನ್ನತೆಯ ಲಕ್ಷಣಗಳು. ಇದು ಕಾಯಿಲೆ. ಮಧುಮೇಹದಂತೆ ಇದಕ್ಕೂ ಚಿಕಿತ್ಸೆ ಇದೆ. ಇಂಥ ಹೊತ್ತಿನಲ್ಲಿ ಕಣ್ಣು ಮುಚ್ಚಿ ಒಬ್ಬನೇ ಕೂರಿಸಿದರೆ ಕೆಟ್ಟ ಯೋಚನೆಗಳ ಜೊತೆಗೇ ಕೂರಿಸಿದ ಹಾಗಾಗಬಹುದು. ಬೆಲೆ ಅಣ್ಣನ ಕೈಯಲ್ಲಿರಲಿಲ್ಲ ಎಂದು ಅವನಿಗೆ ಬಿಡಿಸಿ ಹೇಳಿ. 2023ರ ಜುಲೈನಲ್ಲಿ ಅದೇ ಕೋಲಾರದಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆಗ ಗೆದ್ದವರು ಹೆಚ್ಚು ಜಾಣರಾಗಿರಲಿಲ್ಲ, ಈಗ ಸೋತವರು ದಡ್ಡರೂ ಅಲ್ಲ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ಅವನನ್ನು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಸುಳ್ಳು. ಕೇಳಿದ್ದರಿಂದ ಎಷ್ಟೋ ಜನಕ್ಕೆ ಎದೆಭಾರ ಇಳಿಯುತ್ತದೆ. ತೋಟದ ಔಷಧಿ ಡಬ್ಬಿಗಳನ್ನು ಇವತ್ತೇ ಬೀಗ ಹಾಕುವ ಕಡೆ ಇಟ್ಟು ಬೀಗದ ಕೈ ನೀವು ಇಟ್ಟುಕೊಳ್ಳಿ. ಕೆಲವು ದಿನ ರಾತ್ರಿ ಅವನ ಜೊತೆ ಯಾರಾದರೂ ಮಲಗಲಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿ. ಅಲ್ಲಿಯವರೆಗೂ ಕಾಯಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ವೈದ್ಯರು ಮಾತ್ರೆ ಕೊಟ್ಟರೆ ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನಕ್ಕೆ ಏನೂ ಆಗಲಿಲ್ಲ ಎಂದು ಬಿಡಿಸಬೇಡಿ. ಹುಷಾರಾದ ಎಂದು ನೀವೇ ನಿಲ್ಲಿಸಲೂ ಬೇಡಿ.

ಪಾವಗಡಕ್ಕೆ ನನ್ನ ಅಡ್ಡಿ ಏನೂ ಇಲ್ಲ. ಹಿರಿಯರ ಮನಸ್ಸಿಗೂ ಸಮಾಧಾನವಾಗುತ್ತದೆ, ಅಣ್ಣನಿಗೆ ಮನೆಯವರು ಜೊತೆಗಿದ್ದಾರೆ ಎಂಬುದು ಕಾಣುತ್ತದೆ. ಆದರೆ ಆಸ್ಪತ್ರೆಗೆ ಮೊದಲು ಹೋಗಿ, ಶನೇಶ್ವರನ ದರ್ಶನಕ್ಕೆ ಆಮೇಲೆ. ಹೋಗುವಾಗ ಬೆಳಗಿನ ಮಾತ್ರೆ ತಪ್ಪದಂತೆ ನೋಡಿಕೊಳ್ಳಿ.