ಸಂಜೆ ಏಳರ ಕಾಫಿ ಎನಿಮಾ

‘ಲಿವರ್ ತೊಳಕೊಳ್ಳಬೇಕು’ ಎಂಬ ಹಟ ಹಿಡಿದು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬರುವವರು ಈಚೆಗೆ ಹೆಚ್ಚುತ್ತಿದ್ದಾರೆ, ಅದಕ್ಕೇ ಈ ಬರಹ. ಅಂಥವರೊಬ್ಬರ ಕಥೆ ಇದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸಿಂಧನೂರು ಕಡೆಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು, ವಯಸ್ಸು ನಲವತ್ತೈದರ ಆಸುಪಾಸು, ತೂಕ 84 ಕೆಜಿ. ಕುಡಿತ ಬಿಟ್ಟು 11 ತಿಂಗಳಾಗಿತ್ತು. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಿತ್ತು. ಕರೆತಂದವರು ಹೆಂಡತಿ: “ಸಂಜೀಕ ಬಚ್ಚಲ ಸೇರಿದ್ರ ಒಂದೂವರೆ ತಾಸು ಹೊರಗ ಬರಂಗಿಲ್ರಿ ಮೇಡಂ.”

ವಿಡಿಯೊ ನೋಡಿ ಕಲಿತ ಕ್ರಮ ಕಾಫಿ ಎನಿಮಾ, ಅಂದರೆ ಗುದದ್ವಾರದಿಂದ ದೊಡ್ಡಕರುಳಿಗೆ ಕಾಫಿ ಏರಿಸಿಕೊಳ್ಳುವುದು. ಲೀಟರ್ ನೀರಿಗೆ ಮೂರು ದೊಡ್ಡ ಚಮಚ ಕಾಫಿಪುಡಿ, ಕಾಲು ತಾಸು ಕುದಿಸಿ ಸೋಸುವುದು, ಎನಿಮಾ ಡಬ್ಬಿಗೆ ಹಾಕಿ ಬಲಮಗ್ಗುಲಾಗಿ ಮಲಗಿ 12–15 ನಿಮಿಷ ತಡೆದುಕೊಳ್ಳುವುದು. ವಾರಕ್ಕೊಂದಿದ್ದದ್ದು ದಿನಕ್ಕೆರಡಾಗಿತ್ತು. ಮನೆಮಂದಿ ಕುಡಿಯುವುದು ಚಹಾ. ಕಾಫಿಪುಡಿ ಬರುತ್ತಿದ್ದದ್ದು ಇದಕ್ಕೊಂದಕ್ಕೇ, ಅದೂ ಚಿಕೋರಿ ಬೆರೆತದ್ದು.

ಏಪ್ರಿಲ್ ಬಿಸಿಲು. ಮೀನಖಂಡ ಹಿಡಿಯುತ್ತದೆ, ಎದ್ದರೆ ತಲೆ ತಿರುಗುತ್ತದೆ ಎಂದರು. ಮಾತು ಮುಂದುವರಿಸದೆ ಅಂದೇ ವೈದ್ಯರ ಹತ್ತಿರ ಕಳಿಸಿದೆ. ರಕ್ತಪರೀಕ್ಷೆಯಲ್ಲಿ ಪೊಟ್ಯಾಶಿಯಂ ಎಂಬ ಲವಣ 3.1 ಬಂತು, 3.5ರಿಂದ 5 ಇರಬೇಕು. ಪದೇ ಪದೇ ಎನಿಮಾ ತೆಗೆದುಕೊಂಡರೆ ನೀರಿನ ಜತೆ ಲವಣವೂ ಹೋಗುತ್ತದೆ, ತೀರಾ ಇಳಿದರೆ ಎದೆಬಡಿತವೇ ತಪ್ಪುತ್ತದೆ. ಮಿತಿಮೀರಿ ಕಾಫಿ ಎನಿಮಾ ತೆಗೆದುಕೊಂಡ ಇಬ್ಬರು ಸತ್ತ ವರದಿ 1980ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಆರದ ಕಾಫಿಯಿಂದ ಗುದನಾಳ ಸುಟ್ಟುಕೊಂಡವರೂ ಇದ್ದಾರೆ. ‘ಆಪ್ತಸಲಹೆಗಾರರಿಗೆ ರಕ್ತಪರೀಕ್ಷೆಯ ಉಸಾಬರಿ ಯಾಕೆ’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಪೊಟ್ಯಾಶಿಯಂ ಇಳಿದವರ ಕೂಡ ಮನಸ್ಸಿನ ಮಾತಾಡುತ್ತಾ ಕೂಡುವುದು ಹೊಣೆಗೇಡಿತನ.

ಎರಡನೇ ಭೇಟಿಯಲ್ಲಿ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಬೇಸಿನ್ನಿನಲ್ಲಿ ಬಿಳಿ ಬಿಳಿ ದಾರದಂಥದು.

“ನೋಡ್ರಿ ಮೇಡಂ, ಇಪ್ಪತ್ತು ವರ್ಷದ ಹೊಲಸು. ಇನ್ನೂ ಬರಾಕತ್ತೈತ್ರಿ.”

ಅದು ಲಿವರಿನದಲ್ಲ. ಕೆರಳಿದ ದೊಡ್ಡಕರುಳು ತನ್ನನ್ನು ಕಾಯ್ದುಕೊಳ್ಳಲು ಸುರಿಸುವ ಲೋಳೆ. ಎಷ್ಟು ಕೆರಳಿಸಿದರೆ ಅಷ್ಟು ಬರುತ್ತದೆ. ಇದನ್ನು ಆಗಲೇ ಹೇಳಬಹುದಿತ್ತು, ಹೇಳಲಿಲ್ಲ. ಬದಲಿಗೆ ಕೇಳಿದೆ: “ಎಲ್ಲಾ ಹೋತು ಅಂತ ಹೆಂಗ ಗೊತ್ತಾಗ್ತೈತ್ರಿ ನಿಮಗ?”

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಮುಗಿಯಂಗಿಲ್ರಿ. ಮುಗಿದ್ರ ಏಳು ಗಂಟೇಕ ನಾ ಏನ್ ಮಾಡ್ಲಿ?”

ಏಳು ಗಂಟೆ ಅಂದರೆ ಗಿರಣಿ ಬಿಟ್ಟು ಸೀಸೆ ಹಿಡಿಯುತ್ತಿದ್ದ ಹೊತ್ತು. ಕುಡಿತ ಹೋಗಿತ್ತು, ಹೊತ್ತು ಹಾಗೇ ಉಳಿದಿತ್ತು. ಅಲ್ಲಿ ಈ ಡಬ್ಬಿ ಬಂದು ಕೂತಿತ್ತು. ಕುಡಿದ ತಪ್ಪಿಗೆ ದಂಡ ಕಟ್ಟಿದ ಸಮಾಧಾನವೂ ಅದರಲ್ಲಿತ್ತು. ಮೊದಲ ದಿನವೇ ‘ಇದೆಲ್ಲ ಮೂಢನಂಬಿಕೆ’ ಎಂದಿದ್ದರೆ ಈ ಮಾತು ಹೊರಬರುತ್ತಿರಲಿಲ್ಲ. ನಾನು ವಾದದಲ್ಲಿ ಗೆಲ್ಲುತ್ತಿದ್ದೆ, ಅವರು ಮನೆಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದರು.

ಲಿವರಿನ ಮಾತು ಆಮೇಲೆ ಬಂತು, ಅವರ ಗಿರಣಿಯ ಭಾಷೆಯಲ್ಲೇ. ಲಿವರ್ ಹೊಲಸು ಕಟ್ಟಿಕೊಳ್ಳುವ ಜರಡಿಯಲ್ಲ, ಭತ್ತವನ್ನು ಅಕ್ಕಿ, ತೌಡು, ಹೊಟ್ಟು ಮಾಡುವ ಯಂತ್ರ. ಅಮೋನಿಯಾವನ್ನು ಯೂರಿಯಾ ಮಾಡಿ ಕಿಡ್ನಿಗೆ ಕಳಿಸುತ್ತದೆ. ಜಾಂಡೀಸಿನ ಹಳದಿ ಬಣ್ಣವನ್ನು ಪಿತ್ತರಸಕ್ಕೆ ಬಿಡುತ್ತದೆ. ಫ್ಯಾಟಿ ಲಿವರಿನ ಕೊಬ್ಬು ಇರುವುದು ಅದರ ಕೋಶಗಳ ಒಳಗೆ. ದೊಡ್ಡಕರುಳಿನಲ್ಲಿ ನಿಲ್ಲುವ ನೀರು ಅದನ್ನು ಮುಟ್ಟುವುದೇ ಇಲ್ಲ. “ಕೆಫೀನು ರಕ್ತನಾಳದ ಮೂಲಕ ನೆಟ್ಟಗೆ ಲಿವರಿಗೇ ಹೋಗ್ತದಂತಲ್ರಿ?” ಎಂದು ಕೇಳಿದರು. ಅರ್ಧ ಸರಿ. ಗುದನಾಳದ ಮೇಲ್ಭಾಗದ ರಕ್ತ ಲಿವರಿಗೆ ಹೋಗುತ್ತದೆ, ಕೆಳಭಾಗದ್ದು ಲಿವರನ್ನು ಬಿಟ್ಟು ಹೃದಯದ ದಾರಿ ಹಿಡಿಯುತ್ತದೆ. ಹೋದ ಕೆಫೀನೂ ಕೊಬ್ಬು ಕರಗಿಸಿದ್ದು ಸಾಬೀತಾಗಿಲ್ಲ. ಈ ಪದ್ಧತಿಗೆ ಹೆಸರು ತಂದ ಜರ್ಮನ್ ಮೂಲದ ವೈದ್ಯ ಮ್ಯಾಕ್ಸ್ ಗರ್ಸನ್ 1958ರಲ್ಲಿ ಬರೆದದ್ದು ಕ್ಯಾನ್ಸರ್ ಚಿಕಿತ್ಸೆ ಎಂದು. ಅದಕ್ಕೂ ಪುರಾವೆ ನಿಲ್ಲಲಿಲ್ಲ. (ಬಾಯಿಂದ ಕುಡಿಯುವ ಕಾಫಿ ಲಿವರಿಗೆ ಒಳ್ಳೆಯದಿರಬಹುದು ಎನ್ನುವ ಅಧ್ಯಯನಗಳು ಮಾತ್ರ ಹಲವಿವೆ. ಇದಕ್ಕೆ ಅವರು ನಕ್ಕರು.)

ಕೊಟ್ಟ ಸಲಹೆ ಹೀಗಿತ್ತು. ಏಳರಿಂದ ಎಂಟೂವರೆಯನ್ನು ಖಾಲಿ ಬಿಡಬೇಡಿ: ಮುಕ್ಕಾಲು ತಾಸು ಬಿರುಸು ನಡಿಗೆ, ಜತೆಗೆ ಮಗ, ಬಂದ ಮೇಲೆ ಸ್ನಾನ, ಊಟ. ಗಿರಣಿಯಿಂದ ಬರುವ ದಾರಿ ಬದಲಿಸಿ, ಹಳೆಯ ಅಂಗಡಿ ಎದುರಾಗದಂತೆ. ತೂಕದಲ್ಲಿ ಶೇಕಡ 7ರಿಂದ 10, ಅಂದರೆ 6ರಿಂದ 8 ಕೆಜಿ, ನಿಧಾನವಾಗಿ ಇಳಿಸಿ. ಲಿವರಿನ ಕೊಬ್ಬು ಇಳಿಯುವುದು ಹೀಗೆ. ಮುಂಜಾನೆಯ ಮಂಡಾಳು ಒಗ್ಗರಣೆ ಇರಲಿ, ಜತೆಗಿನ ಮಿರ್ಚಿ ಬೇಡ. ಎನಿಮಾ ಬಿಟ್ಟ ಮೊದಲ ಎರಡು-ಮೂರು ದಿನ ತಲೆನೋವು ಬರಬಹುದು, ಮಲವಿಸರ್ಜನೆ ಆಗದಿರಬಹುದು. ಗಾಬರಿಯಾಗಿ ಮತ್ತೆ ಡಬ್ಬಿ ಹಿಡಿಯಬೇಡಿ, ರೊಟ್ಟಿ-ಪಲ್ಯ, ನೀರು ಸಾಕು. ರಕ್ತ ಬಿದ್ದರೆ, ಹೊಟ್ಟೆ ಬಿಗಿದು ಜ್ವರ ಬಂದರೆ, ಎದೆ ಡವಗುಟ್ಟಿದರೆ ಮಾತ್ರ ಹೊತ್ತು ನೋಡದೆ ಆಸ್ಪತ್ರೆ. ಸಂಜೆ ಮನಸ್ಸು ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹೆಂಡತಿ ಡಬ್ಬಿ ಎಸೆಯಲು ಹೊರಟಿದ್ದರು, ನಾನೇ ಬೇಡವೆಂದೆ. ಬಚ್ಚಲ ಗೂಟಕ್ಕೆ ಅದು ಇನ್ನೂ ತೂಗುತ್ತಿದೆಯಂತೆ. ಎರಡು ತಿಂಗಳಲ್ಲಿ ಒಮ್ಮೆ ಇಳಿಸಿದ್ದರು, ಮದುವೆ ಮನೆಯೊಂದರಲ್ಲಿ ಹಳೇ ಗೆಳೆಯರು ಗ್ಲಾಸು ಮುಂದಿಟ್ಟ ದಿನ. ಗ್ಲಾಸು ಮುಟ್ಟಿರಲಿಲ್ಲ. ಮರುದಿನ ತಾವೇ ಫೋನ್ ಮಾಡಿ ಹೇಳಿದರು.