ಯಹೂದಿ ಹಬ್ಬಗಳನ್ನು ಕಥೆಯ ಮೂಲಕ ಪರಿಚಯಿಸುವ ಮಕ್ಕಳ ಪುಸ್ತಕ ಯಾವುದು?

ಎಂಟು-ಒಂಬತ್ತು ವರ್ಷದ ಮಗುವಿಗಾದರೆ ಸಿಡ್ನಿ ಟೇಲರ್ ಅವರ ‘ಆಲ್ ಆಫ್ ಎ ಕೈಂಡ್ ಫ್ಯಾಮಿಲಿ’ (1951) ಕೊಡಿ. 1912ರ ಸುಮಾರಿನ ನ್ಯೂಯಾರ್ಕ್, ಬಡ ವಲಸಿಗರ ಲೋವರ್ ಈಸ್ಟ್ ಸೈಡ್. ಗುಜರಿ ಅಂಗಡಿ ನಡೆಸುವ ಅಪ್ಪ, ಅಮ್ಮ, ಐವರು ಹೆಣ್ಣುಮಕ್ಕಳು.

ಈ ಪುಸ್ತಕ ನನಗೆ ಬಹಳ ಇಷ್ಟವಾಗಲು ಕಾರಣ, ಹಬ್ಬ ಇಲ್ಲಿ ಪಾಠದಂತೆ ಬರುವುದಿಲ್ಲ, ಮನೆಯ ದಿನಚರಿಯೊಳಗೇ ಬರುತ್ತದೆ. ಸಬ್ಬತ್ ಎಂದರೆ ಶುಕ್ರವಾರ ಸೂರ್ಯಾಸ್ತದಿಂದ ಶುರುವಾಗುವ ವಿಶ್ರಾಂತಿಯ ದಿನ. ಅದಕ್ಕಾಗಿ ಮಕ್ಕಳು ಅಮ್ಮನ ಜೊತೆ ಗಿಜಿಗುಡುವ ಮಾರುಕಟ್ಟೆ ಸುತ್ತುತ್ತಾರೆ. ಅಮ್ಮ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವುದನ್ನು ನೋಡುತ್ತಾರೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಾಸೋವರ್ ಹಬ್ಬದ ಹೊತ್ತಿಗೆ ಮಕ್ಕಳಿಗೆ ಮೈಯೆಲ್ಲ ಕೆಂಪು ದದ್ದು ಏಳುವ ಸ್ಕಾರ್ಲೆಟ್ ಜ್ವರ! ಆದರೂ ಆ ರಾತ್ರಿಯ ವಿಧಿ ನಡೆಯುತ್ತದೆ. ಈಜಿಪ್ಟ್ ಬಿಟ್ಟ ಮೇಲೆ ಮರುಭೂಮಿಯಲ್ಲಿ ಅಲೆದ ದಿನಗಳನ್ನು ನೆನೆಯುವ ಸುಕ್ಕೋತ್ ಬಂದಾಗ ಹೊರಗೆ ಚಪ್ಪರ ಏಳುತ್ತದೆ. ಪರ್ಷಿಯಾದಲ್ಲಿ ಯಹೂದಿಗಳು ನಾಶದಿಂದ ಪಾರಾದದ್ದನ್ನು ನೆನೆಯುವ ಪೂರಿಮ್‌ಗೆ ವೇಷ, ಸಡಗರ.

ಹಬ್ಬವಿಲ್ಲದ ಪುಟಗಳೂ ಅಷ್ಟೇ ಸೊಗಸು. ಪುಡಿಗಾಸಿಗೆ ತಂದ ತಿಂಡಿಯನ್ನು ಕಿರಿಯ ಇಬ್ಬರು ದೀಪ ಆರಿದ ಮೇಲೆ ಹಾಸಿಗೆಯಲ್ಲೇ ಗುಟ್ಟಾಗಿ ತಿನ್ನುವ ಭಾಗವನ್ನು ಬಿಡದೆ ಓದಿಸಿ.

ಇಂಗ್ಲಿಷ್ ಇನ್ನೂ ತೊಡಕಾಗುವ ಮಗುವಾದರೆ ನೀವೇ ದಿನಕ್ಕೊಂದು ಅಧ್ಯಾಯ ಓದಿ, ಕನ್ನಡದಲ್ಲಿ ಕಥೆ ಹೇಳಬಹುದು. ಪ್ರತಿ ಅಧ್ಯಾಯವೂ ಬಹುತೇಕ ಬಿಡಿ ಕಥೆಯಂತೆಯೇ ಇದೆ.